ಕೀಲಿಕೈ ಯಾರ ಬಳಿ?

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಹೊತ್ತಿನಲ್ಲಿ ನಾಡುನುಡಿಗಳನ್ನು ಕುರಿತು ಮಾತನಾಡಲು ವಿದ್ವಾಂಸರನ್ನು ಕರೆಯುವುದು ವಾಡಿಕೆ. ನಾನು ವಿದ್ವಾಂಸನಲ್ಲ. ಪಿಂಪರಿಯ ಒಂದು ಕಾರಖಾನೆಯ ಟೂಲ್‌ರೂಮಿನಲ್ಲಿ ಅರ, ಲೇಥು, ಗೇಜುಗಳೊಡನೆ ಮೂವತ್ತಾರು ವರ್ಷ ಕಳೆದು ನಿವೃತ್ತನಾದವನು. ನಮ್ಮ ಕಾರ್ಯದರ್ಶಿಗಳು ಮನೆಗೆ ಬಂದು, “ಈ ಸಲ ನೀವು ಬೀಗದ ಮೇಲೆ ಮಾತನಾಡಿರಿ” ಎಂದಾಗ ನಾನು ಅದನ್ನು ವಿನೋದವೆಂದೇ ಭಾವಿಸಿದೆ. ಅವರು ನಗಲಿಲ್ಲ. ಊರಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲು ಮುರಿಸಿಕೊಂಡ ಮನೆಗಳು ನಮ್ಮ ಬಳಗದಲ್ಲಿಯೂ ಇವೆಯೆಂದೂ, ಬೀಗದ ಒಳಗನ್ನು ಕಂಡವನು ನಾನೊಬ್ಬನೇ ಎಂದೂ ಹೇಳಿದರು. ಒಪ್ಪಿಕೊಂಡೆ. ನನ್ನ ಬೀಗರು ಇಲ್ಲಿಯೇ ಎರಡನೆಯ ಸಾಲಿನಲ್ಲಿ ಕುಳಿತಿರುವುದರಿಂದ ಬೀಗದ ವಿಷಯವನ್ನು ತುಸು ಎಚ್ಚರಿಕೆಯಿಂದಲೇ ಆಡಬೇಕಾಗಿದೆ!

ಮೊದಲು ಮಾತಿನ ತೊಡಕನ್ನು ಬಿಡಿಸಿಕೊಳ್ಳೋಣ. ಮೈಸೂರಿನ ಕಡೆಯವರಿಗೆ ಬೀಗ, ಬೀಗದ ಕೈ. ಧಾರವಾಡ, ಗದಗ, ವಿಜಯಪುರದ ಕಡೆಯ ನಮಗೆ ಕೀಲಿ, ಕೀಲಿಕೈ. ಕೀಲಿ ಎಂದರೆ ನಮ್ಮಲ್ಲಿ ಬೀಗವೇ. ಮರಾಠಿಯಲ್ಲಾದರೋ ಬೀಗವು ಕುಲುಪ, ಕೀಲಿಕೈಯು ಕಿಲ್ಲಿ. ಈ ಒಂದಕ್ಷರದ ಅಂತರದಲ್ಲಿ ನಮ್ಮ ಸಂಸಾರ ಪುಣೆಯಲ್ಲಿ ಆರಂಭವಾಯಿತು. 1979ರಲ್ಲಿ ಮದುವೆಯಾಗಿ ಶನಿವಾರ ಪೇಠೆಯ ಒಂದು ವಾಡೆಯ ಎರಡು ಕೋಣೆಗಳಿಗೆ ನಾವು ಬಂದೆವು. ಬಂದ ನಾಲ್ಕನೆಯ ದಿನ ನಮ್ಮ ಮನೆಯವರು ತರಕಾರಿಗೆ ಮಂಡಈಗೆ ಹೊರಟರು. ಮನೆಗೆ ಹಾಕಲು ಬೀಗವಿರಲಿಲ್ಲ. ಎದುರು ಕೋಣೆಯ ಕಾಕೂ ಅವರ ಬಳಿಗೆ ಹೋಗಿ, ತಾವು ಕಲಿತಿದ್ದ ಮೂರು ಮಾತಿನ ಮರಾಠಿಯಲ್ಲಿ, “ಕಾಕೂ, ಜರಾ ಕೀಲಿ ದ್ಯಾ” ಎಂದರು. ಕೇಳಿದ್ದು ಬೀಗವನ್ನು. ಆ ತಾಯಿಗೆ ಕೇಳಿಸಿದ್ದು ಕಿಲ್ಲಿ. ಒಂದು ಕ್ಷಣ ಮುಖ ನೋಡಿ, ಒಳಗೆ ಹೋಗಿ, ತಮ್ಮ ಮನೆಯ ಕೀಲಿಕೈಯನ್ನೇ ತಂದು ಇವರ ಅಂಗೈಯಲ್ಲಿಟ್ಟರು. ಏಕೆ ಬೇಕೆಂದು ಕೇಳಲಿಲ್ಲ. ನಾಲ್ಕು ದಿನದ ಪರಿಚಯ! ಇಡೀ ವಾಡೆ ಆ ಸಂಜೆ ನಕ್ಕಿತು. ಈ ನಗೆಯ ಸಂಗತಿಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಕೊನೆಯಲ್ಲಿ ನಾನು ಇಲ್ಲಿಗೇ ಮರಳಿ ಬರತಕ್ಕವನು.

ನಾನು ಹುಟ್ಟಿ ಬೆಳೆದದ್ದು ಗದಗಿನ ಹತ್ತಿರದ ಒಂದು ಹಳ್ಳಿಯ ಮಾಳಿಗೆ ಮನೆಯಲ್ಲಿ. ತಲೆಬಾಗಿಲಿಗೆ ಎರಡು ದಪ್ಪ ಕದ, ಒಳಗೆ ಗೋಡೆಯ ತೂತಿನಿಂದ ಎಳೆದು ಅಡ್ಡ ಹಾಕುವ ಮರದ ಅಗಳಿ. ರಾತ್ರಿ ಅಗಳಿ ಬೀಳುತ್ತಿತ್ತು, ಬೆಳಗಿನ ಜಾವ ಏಳುತ್ತಿತ್ತು. ಹಗಲು ಹೊತ್ತು ಮನೆಯವರೆಲ್ಲ ಹೊಲಕ್ಕೆ ಹೋದರೆ ಚಿಲಕದ ಕೊಂಡಿಗೆ ಒಂದು ಕಡ್ಡಿ ಸಿಗಿಸಿದರಾಯಿತು. ಅದು ಕಳ್ಳನಿಗಲ್ಲ, ನಾಯಿಗೆ. ಆ ಕಡ್ಡಿ ಮನೆಯನ್ನು ಕಾಯಲಿಲ್ಲ. ಕಾದದ್ದು ಓಣಿ. ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತ ಕುಳಿತ ಮುದುಕಿಯರ ಕಣ್ಣು ತಪ್ಪಿಸಿ ಹೊಸಬನೊಬ್ಬನು ಓಣಿಯನ್ನು ದಾಟುವುದು ಆಗದ ಮಾತಾಗಿತ್ತು.

ಪುಣೆಯ ವಾಡೆಯೂ ಮೂಲದಲ್ಲಿ ಇಂತಹದೇ. ರಸ್ತೆಗೆ ಒಂದೇ ಮಹಾದ್ವಾರ, ಅದರಲ್ಲಿ ಒಬ್ಬೊಬ್ಬರೇ ಬಗ್ಗಿ ಬರಬೇಕಾದ ದಿಡ್ಡಿ ಬಾಗಿಲು, ರಾತ್ರಿ ಅಡ್ಡ ಹಾಕಲು ಅಡಸರ ಎಂಬ ಮರದ ತೊಲೆ. ನಮ್ಮ ಅಗಳಿಯ ಅಣ್ಣ ಎನ್ನಬಹುದು. ಒಳಗೆ ಚೌಕ, ಚೌಕದ ಸುತ್ತ ಹತ್ತು ಹನ್ನೆರಡು ಸಂಸಾರ. ನಲ್ಲಿಯ ಬಳಿ ಯಾರಾದರೂ ಇದ್ದೇ ಇರುವರು. ಬೀಗವಿಲ್ಲದಿದ್ದರೂ ಕಾವಲಿತ್ತು.

ಆದರೆ ಕಾವಲು ಎಂದೊಡನೆ ನಿಶ್ಚಿಂತರಾಗಬಾರದೆಂಬುದಕ್ಕೂ ಇದೇ ಪುಣೆ ಸಾಕ್ಷಿ. ನಮ್ಮ ವಾಡೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಶನಿವಾರವಾಡೆ. ಒಂದನೆಯ ಬಾಜಿರಾಯ 1730ರಲ್ಲಿ ಅಡಿಗಲ್ಲಿಟ್ಟು, 1732ರಲ್ಲಿ ಗೃಹಪ್ರವೇಶ ಮಾಡಿದ ಅರಮನೆ. ಅದರ ದಿಲ್ಲಿ ದರವಾಜಾ ಎಂಬ ಉತ್ತರದ ಬಾಗಿಲನ್ನು ತಾವೆಲ್ಲರೂ ನೋಡಿದ್ದೀರಿ. ಆನೆಗಳು ಹಣೆಯಿಂದ ಗುದ್ದಿ ಒಡೆಯಬಾರದೆಂದು ಆನೆಯ ತಲೆಯೆತ್ತರಕ್ಕೆ ಉಕ್ಕಿನ ಚೂಪು ಮೊಳೆಗಳನ್ನು ಸಾಲುಸಾಲಾಗಿ ಜಡಿದಿದ್ದಾರೆ. ಎಂತಹ ಬಾಗಿಲು! ಆದರೆ 1773ರ ಆಗಸ್ಟ್ 30ರಂದು ನಾರಾಯಣರಾವ್ ಪೇಶ್ವೆಯ ಕೊಲೆಯಾದದ್ದು ಇದೇ ವಾಡೆಯ ಒಳಗೆ, ಅವನ ಸೇವೆಯಲ್ಲಿದ್ದ ಗಾರದಿ ಸಿಪಾಯಿಗಳ ಕೈಯಿಂದಲೇ. ಆನೆಯನ್ನು ತಡೆಯುವ ಮೊಳೆ ಮನೆಯೊಳಗಿನ ದ್ರೋಹವನ್ನು ತಡೆಯಲಿಲ್ಲ. “ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು” ಎಂದು ನಮ್ಮ ಗಾದೆ. ಇಲ್ಲಿ ದಿಡ್ಡಿಯೂ ಹಾಕಿತ್ತು, ಕೋಟೆಯೂ ಗಟ್ಟಿಯಿತ್ತು. ಹೊರಗಿನವನು ಒಳಗೆ ಬರಲೇ ಬೇಕಾಗಲಿಲ್ಲ.

ಇನ್ನೊಂದು ಪಾಠವನ್ನು ನಮ್ಮ ವಾಡೆಯ ಯಜಮಾನರು ಹೇಳುತ್ತಿದ್ದರು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿದ್ದ ಖಡಕ್‌ವಾಸ್ಲಾ ಕಟ್ಟೆಯೂ ಅದೇ ದಿನ ಒಡೆದು, ಮುಠಾ ನದಿ ದಂಡೆಯ ಪೇಠೆಗಳನ್ನು ನುಗ್ಗಿ ನುಂಗಿತು. ಯಜಮಾನರು ಮಕ್ಕಳನ್ನು ಮುಂದೆ ಕಳುಹಿಸಿ, ತಾವು ಹಿಂದೆ ನಿಂತು, ಪ್ರತಿ ಕೋಣೆಗೂ ಬೀಗ ಹಾಕಿ, ಎಳೆದು ನೋಡಿ, ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ ಓಡಿದರಂತೆ. ನೀರು ಇಳಿದ ಮೇಲೆ ಬಂದು ನೋಡಿದರೆ ಹಿಂಭಾಗದ ಮಣ್ಣುಗೋಡೆಯೇ ಇಲ್ಲ. “ಬಾಗಿಲು ಹೋಯಿತು, ಕಿಲ್ಲಿ ಉಳಿಯಿತು” ಎಂದು ಆ ಗೊಂಚಲನ್ನು ತೋರಿಸಿ ನಗುತ್ತಿದ್ದರು. ಬೀಗ ಹಾಕಲು ನಿಂತ ಆ ಹತ್ತು ನಿಮಿಷ ತಮ್ಮ ಪ್ರಾಣವನ್ನೇ ತೆಗೆಯುತ್ತಿತ್ತೆಂದೂ ಸೇರಿಸುತ್ತಿದ್ದರು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ.

ಈಗ ನನ್ನ ಸ್ವಂತ ಮೂರ್ಖತನಕ್ಕೆ ಬರುತ್ತೇನೆ. 1986ರಲ್ಲಿ ನಾವು ವಾಡೆಯನ್ನು ಬಿಟ್ಟು ಕೋಥರೂಡಿನ ಒಂದು ಸೊಸಾಯಟಿಯಲ್ಲಿ ಎರಡನೆಯ ಮಹಡಿಯ ಫ್ಲ್ಯಾಟು ಕೊಂಡೆವು. ಟೂಲ್‌ರೂಮಿನವನಾದ ನಾನು ಬೀಗವನ್ನು ಸುಮ್ಮನೆ ಕೊಳ್ಳುವವನೇ? ಅಂಗಡಿಯಲ್ಲಿ ಅರ್ಧ ಗಂಟೆ ನಿಂತು, ಎಂಟು ಲಿವರಿನ ಒಳ್ಳೆಯ ಬೀಗವನ್ನು ಆರಿಸಿ ತಂದೆ. 1989ರ ಮೇ ತಿಂಗಳಲ್ಲಿ ಮಕ್ಕಳ ರಜೆಗೆಂದು ಊರಿಗೆ ಹೋದೆವು. ಹದಿನೆಂಟು ದಿನಗಳ ಮೇಲೆ ಮರಳಿ ಬಂದಾಗ ಬೀಗ ನೆಲದ ಮೇಲೆ ಬಿದ್ದಿತ್ತು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಹಾಕಿದ ಬೀಗ ಹಾಕಿದಂತೆಯೇ ಇದ್ದಿತು. ಅದನ್ನು ಹಿಡಿದಿದ್ದ ಕೊಂಡಿಯೇ ಕದದಿಂದ ಕಿತ್ತು ಬಂದಿತ್ತು. ಅರ್ಧ ಅಂಗುಲದ ನಾಲ್ಕು ತಿರುಪು ಮೊಳೆಗಳು ಪಕ್ಕದಲ್ಲಿ ಚೆಲ್ಲಿದ್ದುವು. ಮರಾಠಿ ಪತ್ರಿಕೆಗಳು ಘರಫೋಡಿಯ ವರದಿಯಲ್ಲಿ ಬರೆಯುವ ಕಟಾವಣಿ ಎಂಬ ಕಬ್ಬಿಣದ ಮೀಟುಗೋಲಿಗೆ ಎರಡು ನಿಮಿಷದ ಕೆಲಸ.

ಒಳಗೆ ಕಪಾಟಿನಿಂದ ಹೋದುದರಲ್ಲಿ ಹಣ ಅಲ್ಪ. ಆದರೆ ನಮ್ಮ ಮನೆಯವರ ಬೋರಮಾಳ ಹೋಯಿತು. ಅವರ ತಾಯಿ, ಆ ತಾಯಿಗೆ ಅವರ ತಾಯಿ ಹಾಕಿದ್ದ ಸರ. ಠಾಣೆಯಲ್ಲಿ ಅಧಿಕಾರಿಗಳು ವಿನಯದಿಂದಲೇ ಕೇಳಿದರು: ತೂಕ ಎಷ್ಟು? ಗುಂಡುಗಳು ಎಷ್ಟು? ಪಾವತಿ ಇದೆಯೆ? ಫೋಟೋ ಇದೆಯೆ? ಮದುವೆಯ ಫೋಟೋದಲ್ಲಿ ಸೆರಗಿನ ಮರೆಯಲ್ಲಿ ಅರ್ಧ ಸರ ಕಾಣುತ್ತಿತ್ತು, ಅಷ್ಟೆ. ಹತ್ತು ವರ್ಷ ಕಣ್ಣೆದುರು ಇದ್ದ ಒಡವೆಯನ್ನು ನಾನು ವರ್ಣಿಸಲಾರದೆ ತಲೆ ತಗ್ಗಿಸಿದೆ. ಅದು ಸಿಗಲಿಲ್ಲ.

ಆಗ ನಾನು ಬೀಗಗಳ ಚರಿತ್ರೆಯನ್ನು ಓದತೊಡಗಿದೆ. ಮೊಳೆಗಳು ತಾವೇ ಬಿದ್ದು ಅಗುಳಿಯನ್ನು ತಡೆಯುವ ಮರದ ಬೀಗ ಪ್ರಾಚೀನ ಈಜಿಪ್ಟಿನಲ್ಲಿಯೇ ಇತ್ತು. ಅದೇ ತತ್ತ್ವವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಯೇಲ್ ಎಂಬ ತಂದೆಮಕ್ಕಳು ಅಂಗೈಯೊಳಗಿನ ಬೀಗಕ್ಕೆ ಇಳಿಸಿದರು. ಇಂದು ನಮ್ಮ ಬಾಗಿಲಿನ ಲ್ಯಾಚಿನಲ್ಲಿರುವುದು ಬಹುಪಾಲು ಅದೇ. ಲಿವರ್ ಬೀಗದ ಬಗೆ ಬೇರೆ. ಒಳಗೆ ತೆಳ್ಳನೆಯ ತಗಡುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಪ್ರತಿಯೊಂದರಲ್ಲಿಯೂ ಒಂದು ಕಿಂಡಿ. ಕೀಲಿಕೈಯ ಹಲ್ಲುಗಳು ಪ್ರತಿ ತಗಡನ್ನೂ ಅದರದರ ಎತ್ತರಕ್ಕೆ ಎತ್ತಿದಾಗ ಕಿಂಡಿಗಳೆಲ್ಲ ಒಂದೇ ನೇರಕ್ಕೆ ಬಂದು ಅಗುಳಿಗೆ ದಾರಿ ಬಿಡುತ್ತವೆ. ಒಂದು ತಗಡು ಕೂದಲೆಳೆಯಷ್ಟು ಕಡಿಮೆ ಎದ್ದರೂ, ಹೆಚ್ಚು ಎದ್ದರೂ ಬೀಗ ತೆರೆಯದು. ಇಂಗ್ಲೆಂಡಿನ ಬ್ಯಾರನ್ ಎಂಬುವನು 1778ರಲ್ಲಿ ಇದನ್ನು ಸಾಧಿಸಿದ.

ಲಂಡನ್ನಿನಲ್ಲಿ ಬ್ರಾಮಾ ಎಂಬ ಬೀಗದವನು ತನ್ನ ಬೀಗವನ್ನು ಅಂಗಡಿಯ ಕಿಟಕಿಯಲ್ಲಿ ಇಟ್ಟು, ಕೀಲಿಕೈಯಿಲ್ಲದೆ ತೆಗೆದವರಿಗೆ ಇನ್ನೂರು ಗಿನಿ ಬಹುಮಾನವೆಂದು ಬರೆಸಿದ್ದ. ಆರು ದಶಕಗಳ ಕಾಲ ಯಾರೂ ಗೆಲ್ಲಲಿಲ್ಲ. 1851ರ ಮಹಾಪ್ರದರ್ಶನಕ್ಕೆ ಬಂದ ಹಾಬ್ಸ್ ಎಂಬ ಅಮೆರಿಕನ್ ಕುಶಲಿ ಅದನ್ನು ತೆಗೆದ. ಹಿಡಿದ ಸಮಯ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ. ಇದರಿಂದ ನಾನು ಕಲಿತದ್ದು ಎರಡು. ಮನುಷ್ಯ ಮಾಡಿದ ಬೀಗವನ್ನು ಮನುಷ್ಯ ತೆಗೆಯಬಲ್ಲ. ಆದರೆ ನಮ್ಮ ಮನೆಗೆ ಬರುವ ಕಳ್ಳನ ಬಳಿ 51 ಗಂಟೆಯಿಲ್ಲ. ಅವನು ಬೀಗದ ಜಾಣ್ಮೆಯೊಡನೆ ಸೆಣಸುವುದಿಲ್ಲ. ಬೀಗದ ಸುತ್ತ ಎಲ್ಲಿ ಮೆತ್ತಗಿದೆಯೆಂದು ನೋಡುತ್ತಾನೆ. ಮುಂಬಯಿಯಲ್ಲಿ 1897ರಲ್ಲಿ ಅರ್ದೇಶಿರ್ ಗೋದ್ರೇಜರು ಆರಂಭಿಸಿದ ಕಾರಖಾನೆಯ ಬೀಗವಿರಲಿ, ಉತ್ತರದ ಅಲೀಗಢದ್ದಿರಲಿ, 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ತಮಿಳುನಾಡಿನ ದಿಂಡಿಗಲ್ಲಿನ ಕೈಕೆಲಸದ ಬೀಗವಿರಲಿ, ಅದು ಕದಕ್ಕಿಂತಲೂ ಕೊಂಡಿಗಿಂತಲೂ ಗಟ್ಟಿಯಾಗಿ ಮನೆಯನ್ನು ಕಾಯಲಾರದು.

ಆದುದರಿಂದ ಕೈಕೆಲಸದವನಾಗಿ ಕೆಲವು ಅರಿಕೆಗಳು.

ಬೀಗಕ್ಕೆ ಎರಡು ಸಾವಿರ ರೂಪಾಯಿ ಸುರಿಯುವ ಮುನ್ನ ಕೊಂಡಿಯನ್ನು ನೋಡಿರಿ. ಕೊಂಡಿಯ ಬೋಲ್ಟು ಕದದ ಈಚೆಯಿಂದ ಆಚೆಗೆ ಹಾದು ಒಳಬದಿಯಲ್ಲಿ ನಟ್ಟು ಬಿಗಿದಿರಬೇಕು. ಚೌಕಟ್ಟಿನ ಕಡೆಯ ತಗಡಿಗೆ ಎರಡೂವರೆ ಮೂರು ಅಂಗುಲದ ತಿರುಪು ಮೊಳೆ ಇರಬೇಕು. ಪೊಳ್ಳು ಕದಕ್ಕೆ ಯಾವ ಬೀಗವೂ ಸಲ್ಲ. ಹೊರಗೆ ತೂಗುವ ಬೀಗವು ಮನೆಯಲ್ಲಿ ಯಾರೂ ಇಲ್ಲವೆಂದು ಡಂಗುರ ಸಾರುತ್ತದೆ. ಕದದ ಒಡಲಲ್ಲಿಯೇ ಕುಳಿತಿರುವ ಬೀಗವು ಬಾಯಿ ಬಿಡುವುದಿಲ್ಲ. ಅಡಿಗೆಮನೆಯ ಹಿಂದಿನ ಬಾಲ್ಕನಿ, ಪಾಯಖಾನೆಯ ಕಿಟಕಿ, ನೀರಿನ ಪೈಪು, ಇವುಗಳನ್ನು ಕಳ್ಳನ ಕಣ್ಣಿನಿಂದ ಒಮ್ಮೆ ಕೆಳಗೆ ನಿಂತು ನೋಡಿ ಬನ್ನಿ.

ಬಾಡಿಗೆಗೆ ಹೊಸ ಮನೆ ಹಿಡಿದವರು ಹಾಲುಕ್ಕಿಸುವ ಮುನ್ನ ಬೀಗವನ್ನು ಬದಲಿಸಿರಿ. ಹಿಂದಿನವರು ಎಷ್ಟು ಜೋಡಿ ಕೀಲಿಕೈ ಮಾಡಿಸಿದ್ದರೆಂದು ಮಾಲೀಕರಿಗೂ ತಿಳಿದಿರುವುದಿಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯಿದೆಯಂತೆ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು. ಅದೂ ಒಂದು ಬಗೆಯ ಬೀಗವೇ. ಅದನ್ನು ಹಾಕಿಸದೆ ಇದ್ದು ಆಮೇಲೆ ಪರಿತಪಿಸಿದವರನ್ನು ನಾನು ಬಲ್ಲೆ.

ಒಡವೆಗಳನ್ನು ಒಂದು ಬಿಳಿಯ ಬಟ್ಟೆಯ ಮೇಲೆ ಹರಡಿ ಇಂದೇ ಫೋಟೋ ತೆಗೆಯಿರಿ, ತೂಕವನ್ನು ಬರೆದಿಡಿರಿ. ನನ್ನ ಹಾಗೆ ಠಾಣೆಯಲ್ಲಿ ಮೂಕರಾಗಬೇಡಿರಿ. ದಿನವೂ ತೊಡದ ಒಡವೆ ಬ್ಯಾಂಕಿನ ಲಾಕರಿನಲ್ಲಿರಲಿ. ಅಲ್ಲಿ ಬ್ಯಾಂಕಿನದೊಂದು, ನಮ್ಮದೊಂದು ಎರಡು ಕೀಲಿಕೈ ಕೂಡಿದರೆ ಮಾತ್ರ ಬಾಗಿಲು ತೆರೆಯುವುದು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ಬ್ಯಾಂಕಿನ ನೌಕರರ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 3,000 ರೂಪಾಯಿಯಾದರೆ 3 ಲಕ್ಷ. ಅದಕ್ಕೂ ಮೀರಿದ ಒಡವೆಯಿದ್ದರೆ ವಿಮೆಯನ್ನು ಯೋಚಿಸಬೇಕು. ನಾಮಿನಿಯ ಹೆಸರನ್ನು ಬರೆಸಲು ಮರೆಯಬೇಡಿರಿ.

ಊರಿಗೆ ಹೊರಟಾಗ ಪೇಪರಿನವನಿಗೂ ಹಾಲಿನವನಿಗೂ ಹೇಳಿ ಹೋಗಿರಿ. ಬಾಗಿಲಲ್ಲಿ ಬಿದ್ದ ಆರು ದಿನದ ಪತ್ರಿಕೆಯು ಕಳ್ಳನಿಗೆ ಕಳುಹಿಸಿದ ಆಮಂತ್ರಣ ಪತ್ರಿಕೆ. ಈಗಿನ ಮಕ್ಕಳು ರೈಲು ಹತ್ತಿದೊಡನೆ ವಾಟ್ಸಾಪಿನಲ್ಲಿ ಫೋಟೋ ಹಾಕುತ್ತಾರೆ. ಹಂಪಿಯ ಫೋಟೋವನ್ನು ಹಂಪಿಯಿಂದ ಬಂದ ಮೇಲೆ ಹಾಕಿದರೆ ಕಲ್ಲಿನ ರಥವೇನೂ ಓಡಿಹೋಗುವುದಿಲ್ಲ. ದೂರದಲ್ಲಿದ್ದಾಗಲೇ ಪುಣೆಯ ಮನೆಯ ಕಳವಿನ ಸುದ್ದಿ ಬಂದರೆ ಹತ್ತಿರದ ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯು ಇದಕ್ಕೆ ಅವಕಾಶ ಕೊಟ್ಟಿದೆ. ವಿದ್ಯುನ್ಮಾನ ಮಾರ್ಗದಿಂದ ಕಳುಹಿಸಿದರೂ ಸಲ್ಲುತ್ತದೆ, ಆದರೆ ಮೂರು ದಿನದೊಳಗೆ ಸಹಿ ಮಾಡಬೇಕು. ತುರ್ತಿಗೆ 112.

ಇನ್ನು ಕಳ್ಳನು ಬಾಗಿಲಿಗೆ ಬಾರದೆ ಕಿವಿಗೆ ಬರುವ ಕಾಲವೂ ಬಂದಿದೆ. ಫೋನಿನಲ್ಲಿ ಪೊಲೀಸರೆಂದು ಹೇಳಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆಂದು ಹೆದರಿಸುತ್ತಾರೆ. ನಮ್ಮ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ. ಓಟಿಪಿ ಎಂಬ ಆ ನಾಲ್ಕಾರು ಅಂಕೆಗಳೂ ಕೀಲಿಕೈಯೇ. ಬೀದಿಯಲ್ಲಿ ಹೋಗುವವನಿಗೆ ಮನೆಯ ಕೀಲಿಕೈ ಕೊಡುವಿರಾ? ಮೋಸವಾಯಿತೆಂದು ತಿಳಿದ ಕೂಡಲೆ 1930ಕ್ಕೆ ಫೋನು ಮಾಡಿರಿ. ನಾಚಿಕೆಯಿಂದ ಮುಚ್ಚಿಟ್ಟರೆ ಕಳ್ಳನಿಗೇ ಅನುಕೂಲ.

ಇಷ್ಟೆಲ್ಲ ಹೇಳಿದ ನಾನು ಇನ್ನು ಹೇಳಲಿರುವುದು ಇವಕ್ಕೆ ವಿರೋಧವೆಂದು ತಮಗೆ ತೋರಬಹುದು. ಅದನ್ನು ಹೇಳುವುದಕ್ಕಾಗಿಯೇ ನಾನು ಇಂದು ನಿಂತಿರುವುದು.

ಕಳವಾದ ಮೇಲೆ ನಾನು ಮನೆಯನ್ನು ಕೋಟೆ ಮಾಡಿದೆ. ಕಬ್ಬಿಣದ ಸೇಫ್ಟಿ ಡೋರು, ಎಲ್ಲ ಕಿಟಕಿಗೂ ಗ್ರಿಲ್ಲು, ಒಳಬದಿಯಲ್ಲಿ ನನ್ನ ಕೈಯಿಂದಲೇ ಕೂರಿಸಿದ ಮೂರು ಉಕ್ಕಿನ ಚಿಲಕ. 2001ರಲ್ಲಿ ತಂದೆಯವರು ತೀರಿಕೊಂಡ ಬಳಿಕ ಅವ್ವ ನಮ್ಮೊಡನೆ ಇರಲು ಬಂದಳು. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮಕ್ಕಳು ಕಾಲೇಜಿಗೆ. ಹಗಲೆಲ್ಲ ಅವಳೊಬ್ಬಳೇ. “ಎಂಥಾ ಊರಪಾ ಇದು, ಹಗಲ ಹೊತ್ತಿನ್ಯಾಗ ಕದಾ ಹಾಕ್ಕೊಂಡ ಕುಂದ್ರತಾರ?” ಎನ್ನುತ್ತಿದ್ದಳು. ನಾನು ಗದರುತ್ತಿದ್ದೆ. “ಅವ್ವಾ, ಇದು ನಮ್ಮೂರಲ್ಲ. ಮೂರೂ ಚಿಲಕ ಹಾಕ್ಕೋ. ಯಾರ ಬಂದರೂ ತಗೀಬ್ಯಾಡ.” ಪ್ರತಿ ದಿನ ಹೊರಗೆ ನಿಂತು, ಚಿಲಕ ಬಿದ್ದ ಸಪ್ಪಳವನ್ನು ಒಂದು, ಎರಡು, ಮೂರು ಎಂದು ಎಣಿಸಿಯೇ ಮೆಟ್ಟಿಲಿಳಿಯುತ್ತಿದ್ದೆ.

2003ರ ಒಂದು ಮಧ್ಯಾಹ್ನ ಅವ್ವ ಬಚ್ಚಲಿನಲ್ಲಿ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಅವಳ ನರಳಿಕೆಯನ್ನು ಪಕ್ಕದ ಮನೆಯ ಮರಾಠಿ ತಾಯಿ ಕೇಳಿದರು. ನಮ್ಮ ಮನೆಯ ಎರಡನೆಯ ಕೀಲಿಕೈ ಅವರ ಬಳಿ ಇತ್ತು. ಓಡಿ ಬಂದು ಬೀಗವನ್ನು ತೆಗೆದರು. ಬೀಗ ತೆರೆಯಿತು, ಕದ ತೆರೆಯಲಿಲ್ಲ. ಒಳಗೆ ಮೂರು ಚಿಲಕ. ಒಳ್ಳೆಯ ಉಕ್ಕು, ಉದ್ದನೆಯ ತಿರುಪು ಮೊಳೆ, ಟೂಲ್‌ರೂಮಿನ ಕೆಲಸ! ಬಡಗಿ ಬಂದು, ಕಾವಲುಗಾರ ಸೇರಿ, ಕದವನ್ನು ಒಡೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆ ತಾಯಿ ಕದಕ್ಕೆ ಬಾಯಿಟ್ಟು ಮರಾಠಿಯಲ್ಲಿ ಸಮಾಧಾನ ಹೇಳುತ್ತಲೇ ಇದ್ದರಂತೆ. ಒಳಗಿನಿಂದ ಅವ್ವ ಕನ್ನಡದಲ್ಲಿ ಓಗೊಡುತ್ತಿದ್ದಳಂತೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಮಾತು ನಿಲ್ಲಲಿಲ್ಲ.

ನಾನು ಆಸ್ಪತ್ರೆಗೆ ಹೋದಾಗ ಅವ್ವ ನನ್ನನ್ನು ನೋಡಿ ಆಡಿದ ಮೊದಲ ಮಾತು: “ನೀ ಹೇಳಿದ್ದೆಲ್ಲಪಾ, ಮೂರೂ ಹಾಕಿದ್ದೆ.” ಅವಳು ನನ್ನನ್ನು ದೂರಲಿಲ್ಲ. ಮಗನ ಮಾತನ್ನು ನಡೆಸಿದ್ದೇನೆಂದು ಹೇಳುತ್ತಿದ್ದಳು, ಅಷ್ಟೆ. ಅನಂತರ ನಾಲ್ಕು ವರ್ಷ ಬದುಕಿದಳು, ಕೋಲು ಹಿಡಿದು ನಡೆದಾಡಿದಳು. ಆದರೆ ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆ ರಾತ್ರಿಯೇ ಮೇಲಿನ ಎರಡು ಚಿಲಕಗಳನ್ನು ಬಿಚ್ಚಿದೆ. ಹಗಲಿನಲ್ಲಿ ಮೂರನೆಯದನ್ನೂ ಹಾಕಬಾರದೆಂದು ಮನೆಯಲ್ಲಿ ಗೊತ್ತು ಮಾಡಿದೆವು. ಲ್ಯಾಚು ತಾನೇ ಬೀಳುತ್ತದೆ. ಹೊರಗಿನಿಂದ ಕೀಲಿಕೈಯಿದ್ದವರಿಗೆ ತೆರೆಯುತ್ತದೆ, ಒಳಗಿನಿಂದ ಕೀಲಿಕೈಯಿಲ್ಲದೆ ತೆರೆಯುತ್ತದೆ. ಹಿರಿಯರು ಒಬ್ಬರೇ ಇರುವ ಮನೆಗೆ ಇದೇ ಸರಿ. ಬಚ್ಚಲಿನ ಚಿಲಕವನ್ನಂತೂ ಹಿರಿಯರು ಹಾಕಲೇಬಾರದು. ಒಳಗೆ ಮನುಷ್ಯರನ್ನು ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುವ ಪದ್ಧತಿ ಕೆಲವು ಮನೆಗಳಲ್ಲಿದೆ. ಕೈಮುಗಿದು ಕೇಳುತ್ತೇನೆ, ಅದನ್ನು ಬಿಡಿರಿ. ಬೆಂಕಿ ಬಿದ್ದರೆ ಅವರು ಹೋಗುವುದೆಲ್ಲಿ? ಗ್ರಿಲ್ಲುಗಳಲ್ಲಿ ಒಂದಕ್ಕಾದರೂ ಒಳಗಿನಿಂದ ತೆರೆಯುವ ಕಿಂಡಿಯಿರಲಿ. ಹೊಗೆಯ ಕತ್ತಲಲ್ಲಿ ಬೀಗದ ತೂತನ್ನು ಹುಡುಕಲಾಗದು. ಕಳ್ಳನು ಒಯ್ಯುವುದು ವಸ್ತುವನ್ನು. ವಾಡೆಯ ಯಜಮಾನರು ಪಾನ್‌ಶೇತದ ಕತೆಯಲ್ಲಿ ಹೇಳಿದ್ದು ನನಗೆ ತಿಳಿಯಲು ನಲವತ್ತೆರಡು ವರ್ಷ ಹಳೆಯದಾದ ಆ ಪ್ರವಾಹ ಸಾಲದೆ, ಅವ್ವನ ಸೊಂಟವೂ ಮುರಿಯಬೇಕಾಯಿತು.

ಹಾಗಾದರೆ ಬೀಗವೇ ಬೇಡವೆನ್ನುವಿರಾ ಎಂದು ತಾವು ಕೇಳಬಹುದು. ನಮ್ಮ ಪಕ್ಕದ ಅಹಿಲ್ಯಾನಗರ ಜಿಲ್ಲೆಯಲ್ಲಿ ಶನಿಶಿಂಗಣಾಪುರವಿದೆ. ಮನೆಗಳಿಗೆ ಕದವಿಲ್ಲದ ಊರೆಂದು ಅದಕ್ಕೆ ಹೆಸರು. ಶನಿದೇವರೇ ಕಾಯುತ್ತಾನೆಂದು ಊರವರ ನಂಬಿಕೆ. 2011ರ ಜನವರಿಯಲ್ಲಿ ಯುಕೋ ಬ್ಯಾಂಕು ಅಲ್ಲಿ ಶಾಖೆ ತೆರೆದಾಗ ಊರಿನ ಭಾವನೆಯನ್ನು ಮನ್ನಿಸಿ ಎಂದಿನ ಬೀಗವನ್ನು ಹಾಕಲಿಲ್ಲ. ಗಾಜಿನ ಬಾಗಿಲಿಗೆ ಕಣ್ಣಿಗೆ ಕಾಣದ ವಿದ್ಯುತ್ ಬೀಗದ ಏರ್ಪಾಡು ಮಾಡಿತು. ಆ ಊರಿನಲ್ಲಿಯೂ 2010ರಲ್ಲಿ ಯಾತ್ರಿಕರೊಬ್ಬರ ವಾಹನದಿಂದ ಕಳವಾದ ದೂರು ದಾಖಲಾಯಿತು. ನಂಬಿಕೆಯೂ ಬೇಕು, ಕಾಣದ ಬೀಗವೂ ಬೇಕು ಎಂಬುದೇ ಇದರ ತಾತ್ಪರ್ಯವೆಂದು ನಾನು ತಿಳಿದಿದ್ದೇನೆ.

ಒಂದು ಮಾತನ್ನು ನೋವಿನಿಂದ ಸೇರಿಸುತ್ತೇನೆ. ಕಳವಾದೊಡನೆ ನಮ್ಮ ಬೆರಳು ಕೆಲಸದವಳ ಕಡೆಗೆ, ಕಾವಲುಗಾರನ ಕಡೆಗೆ ಹೊರಳುತ್ತದೆ. ನಾನೂ ಅಂದು ಹಾಗೆಯೇ ಮಾಡಿದೆ. ಆ ಹೆಣ್ಣುಮಗಳು ನಿರಪರಾಧಿ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ, ಕ್ಷಮೆ ಕೇಳುವ ಅವಕಾಶವನ್ನೂ ಕೊಡಲಿಲ್ಲ. ಅವಳು ಕಲಬುರಗಿಯ ಕಡೆಯವಳು, ನಮ್ಮ ನುಡಿಯವಳು. ಈ ನಗರದ ಗಗನಚುಂಬಿ ಕಟ್ಟಡಗಳನ್ನು ಕಟ್ಟುತ್ತಿರುವವರಲ್ಲಿ ಕಲಬುರಗಿ, ಯಾದಗಿರಿಯ ನಮ್ಮ ಜನ ಎಷ್ಟೋ ಮಂದಿ. ತಗಡಿನ ಶೆಡ್ಡಿಗೆ ಒಂದು ಚಿಕ್ಕ ಬೀಗವನ್ನು ತೂಗಹಾಕಿ, ನಮ್ಮ ಗಟ್ಟಿ ಬಾಗಿಲುಗಳನ್ನು ಕೂರಿಸಲು ಅವರು ಹೋಗುತ್ತಾರೆ. ಅವರಿಗೂ ಕಳವಾಗುತ್ತದೆ. ಅವರ ದೂರನ್ನು ಬರೆದುಕೊಡಲು, ಠಾಣೆಗೆ ಜೊತೆಯಲ್ಲಿ ಹೋಗಲು ನಮ್ಮ ಸಂಘದ ಇಬ್ಬರು ತರುಣರು ಮುಂದೆ ಬಂದರೆ ಈ ರಾಜ್ಯೋತ್ಸವಕ್ಕೆ ಅದೊಂದು ದೀಪವಾದೀತು.

1956ರ ನವೆಂಬರ್ 1ರ ಮುಂಚೆ ನನ್ನ ಧಾರವಾಡ ಜಿಲ್ಲೆಯೂ ಈ ಪುಣೆಯೂ ಒಂದೇ ಮುಂಬಯಿ ರಾಜ್ಯದ ಸೂರಿನಡಿಯಲ್ಲಿದ್ದುವು. ಕನ್ನಡಿಗರೆಲ್ಲ ಅಂದು ಒಂದು ಮನೆಯವರಾದೆವು. ಅದು ನಮ್ಮ ಭಾಗ್ಯ. ಆದರೆ ಹೊಸ ಮನೆ ಕಟ್ಟಿದವರು ಹಳೆಯ ನೆರೆಯನ್ನು ಮರೆಯುವುದು ಗೃಹಸ್ಥರ ಲಕ್ಷಣವಲ್ಲ. ಹೊಟ್ಟೆಪಾಡಿಗೆ ಬಂದ ಈ ಊರಿನಲ್ಲಿ ನಮ್ಮ ನುಡಿಯನ್ನು ಮನೆಯೊಳಗೆ ಜೋಪಾನವಾಗಿ ಇಟ್ಟುಕೊಳ್ಳೋಣ. ಆದರೆ ಅದಕ್ಕೆ ಮೂರು ಚಿಲಕ ಹಾಕಿಕೊಂಡು ಕುಳಿತರೆ, ಬಿದ್ದಾಗ ಎತ್ತುವವರು ಹೊರಗೇ ಉಳಿಯುತ್ತಾರೆ.

ಒಳ್ಳೆಯ ಬೀಗವನ್ನು ಕೊಳ್ಳಿರಿ, ಕೊಂಡಿಯನ್ನು ಭದ್ರಪಡಿಸಿರಿ. ಆಮೇಲೆ ಮನೆಮಂದಿಯೆಲ್ಲ ಕುಳಿತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ನಮ್ಮ ಎರಡನೆಯ ಕೀಲಿಕೈ ಯಾರ ಬಳಿ ಇದೆ? ಹೂಕುಂಡದ ಕೆಳಗೆ, ಕಾಲೊರಸಿನ ಅಡಿಯಲ್ಲಿ ಎಂಬುದು ಉತ್ತರವಾಗಬಾರದು. ಅದು ಒಬ್ಬ ಮನುಷ್ಯನ ಹೆಸರಾಗಿರಬೇಕು. ಅಂತಹ ಒಂದು ಹೆಸರು ನಿಮ್ಮ ಜಿನೆಯ ಮೇಲೆ ಇಲ್ಲವಾದರೆ, ಬೀಗವನ್ನು ಕೊಳ್ಳುವ ಮೊದಲು ಒಂದು ತಟ್ಟೆ ಹೋಳಿಗೆ ಹಿಡಿದು ಎದುರು ಮನೆಯ ಬಾಗಿಲನ್ನು ತಟ್ಟಿರಿ.

ವಾಡೆಯ ಆ ಕಾಕೂ ಈಗಿಲ್ಲ. ವಾಡೆಯನ್ನೂ ಕೆಡವಿ ಅಪಾರ್ಟ್‌ಮೆಂಟು ಕಟ್ಟಿದ್ದಾರೆ. ಅವರು ಅಂದು ಕೊಟ್ಟ ಕೀಲಿಕೈಯನ್ನು ನಾವು ಸಂಜೆಯೇ ಮರಳಿಸಿದ್ದೆವು. ವಾಡೆಯನ್ನು ಬಿಟ್ಟು ಹೊರಡುವ ದಿನ ಅವರು ಅದನ್ನೇ ಮತ್ತೆ ತಂದು ನಮ್ಮ ಮನೆಯವರ ಕೈಯಲ್ಲಿಟ್ಟು, “ಇದು ನಿನ್ನ ಬಳಿಯೇ ಇರಲಿ, ಯಾವಾಗ ಬೇಕಾದರೂ ಬಾ” ಎಂದರು. ಅದು ತೆರೆಯುವ ಬಾಗಿಲು ಈ ಲೋಕದಲ್ಲಿ ಈಗ ಎಲ್ಲಿಯೂ ಇಲ್ಲ. ಆದರೂ ನಮ್ಮ ದೇವರ ಗೂಡಿನಲ್ಲಿ ಅದು ಇದೆ.

ಮನೆಗೆ ಹೋದೊಡನೆ ಕೊಂಡಿಯ ತಿರುಪು ಮೊಳೆಗಳನ್ನು ಒಮ್ಮೆ ನೋಡಿರಿ.